ಮಿಂಚಣ್ಣನೋ ಬಂಡೆಯಮ್ಮನೋ

ನನ್ನ ಝೆರಾಕ್ಸ್ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಒಂದು ಮರದ ಗೊಂಬೆ ಕೂತಿದೆ. ಹಳದಿ ಮೈ, ಕೆಂಪು ಸೊಂಟಪಟ್ಟಿ, ದುಂಡನೆಯ ತಳ. ತಳ್ಳಿದರೆ ವಾಲುತ್ತದೆ, ಬಿಟ್ಟರೆ ಎದ್ದು ನಿಲ್ಲುತ್ತದೆ. ಚನ್ನಪಟ್ಟಣದಲ್ಲಿ ಅಂಗಡಿ ಇಟ್ಟವನ ಹತ್ತಿರ ಮರದ ಗೊಂಬೆ ಇರುವುದು ಹೇಳಿಕೊಳ್ಳುವಂಥ ಸಂಗತಿಯೇನಲ್ಲ. ಆದರೆ ಇದರ ಒಂದು ಕಣ್ಣು ಹಣೆಯ ಹತ್ತಿರ ಇದೆ, ಇನ್ನೊಂದು ಕೆನ್ನೆಯ ಮೇಲಿದೆ. ಆಧಾರ್ ಕಾರ್ಡು ಹಿಡಿದು ಬಂದವರು ಕಾಗದ ಹೊರಬರುವ ತನಕ ಸುಮ್ಮನಿರಲಾರದೆ ಇದರ ತಲೆಗೆ ಒಂದು ಮೊಟಕುತ್ತಾರೆ. ಅದು ವಾಲುತ್ತದೆ. ಅದು ಮತ್ತೆ ನೆಟ್ಟಗಾದ ಮೇಲೆಯೇ ನಾನು ಚಿಲ್ಲರೆ ಕೊಡುವುದು.

ನಗಬೇಡಿ. ನಾನು ಹುಟ್ಟಾ ಪುಕ್ಕಲ. ಕ್ಷೌರದವನು ಕಿವಿಯ ಹಿಂದೆ ಕತ್ತಿ ತಂದರೆ ಉಸಿರು ಹಿಡಿಯುತ್ತೇನೆ. ಬಸ್ಸಿನಲ್ಲಿ ಡ್ರೈವರ್ ಹಿಂದೆ ಕೂತರೆ ಇಲ್ಲದ ಬ್ರೇಕನ್ನು ನಾನೂ ತುಳಿಯುತ್ತಾ ಹೋಗುತ್ತೇನೆ. ಬೆಳ್ಳಂಬೆಳಗ್ಗೆ ಫೋನು ರಿಂಗಾದರೆ ಎತ್ತುವ ಮೊದಲೇ ಯಾರು ಹೋದರು ಎಂದು ಮನಸ್ಸಿನಲ್ಲೇ ತಿಥಿಯವರೆಗೆ ಮುಗಿಸಿರುತ್ತೇನೆ. ಫೋನು ಮಾಡಿದವನು ಅಂಗಡಿ ಎಷ್ಟು ಗಂಟೆಗೆ ತೆಗೀತೀರಿ ಅಂತ ಕೇಳುತ್ತಾನೆ. ಇಂಥವನ ಕೈಯಲ್ಲಿ ದೇವರು ಒಬ್ಬಳು ಮಗಳನ್ನೂ ಇಟ್ಟಿದ್ದಾನೆ, ಏನು ನಂಬಿಕೆಯೋ ಅವನದು.

ಗೊಂಬೆಯ ವಿಷಯಕ್ಕೆ ಬರುತ್ತೇನೆ. ನಾನು ಹುಟ್ಟಿದ್ದು ಕೈಲಾಂಚದ ಕಡೆಯ ಹಳ್ಳಿಯಲ್ಲಿ. ನಮ್ಮ ಚಿಕ್ಕಪ್ಪ ಚನ್ನಪಟ್ಟಣದಲ್ಲಿ ಗೊಂಬೆಗಳಿಗೆ ಅರಗಿನ ಬಣ್ಣ ಹಚ್ಚುವ ಕೆಲಸಕ್ಕಿದ್ದ. ಊರಿಗೆ ಬಂದಾಗಲೆಲ್ಲ ಮಾರಾಟಕ್ಕಾಗದ, ಏನಾದರೊಂದು ಊನವಿದ್ದ ಗೊಂಬೆಗಳನ್ನು ಟವೆಲ್ಲಿನಲ್ಲಿ ಕಟ್ಟಿ ತರುತ್ತಿದ್ದ. ನಮ್ಮ ಮನೆಯ ಮರದ ಕುದುರೆಗೆ ಮೂರೇ ಕಾಲು. ಊರಲ್ಲಿ ಬೇರೆ ಮಕ್ಕಳು ಅಂಗಡಿಯಿಂದ ಕೊಂಡು ತಂದ ಸರಿಯಾದ ಕುದುರೆಗೆ ನಾಲ್ಕು ಕಾಲಿರುವುದನ್ನು ಕಂಡು ನಾನು, ಪಾಪ, ಇವರದ್ದು ಕೆಟ್ಟುಹೋಗಿದೆ ಅಂದುಕೊಂಡಿದ್ದೆ. ಒಮ್ಮೆ ಅವನ ಗಂಟಿನಲ್ಲಿ ಎರಡು ಬಂದವು. ಒಂದು ಈ ಸೊಟ್ಟಗಣ್ಣಿನವಳು. ಇನ್ನೊಂದು ತುದಿ ಸವೆದ ಕೆಂಪು ಬುಗುರಿ.

ಆಗ ಊರಿನ ಒಂದೇ ಟೀವಿಯಲ್ಲಿ ಭಾನುವಾರ ಭಾನುವಾರ ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಹಾರುವವರು ಬರುತ್ತಿದ್ದರು. ಅವರ ಮಾತು ನಮಗೆ ಒಂದಕ್ಷರ ತಿಳಿಯದು, ಹೊಡೆತ ಮಾತ್ರ ತಿಳಿಯುತ್ತಿತ್ತು. ನಾನು ಬುಗುರಿಗೆ ಮಿಂಚಣ್ಣ ಎಂದು ಹೆಸರಿಟ್ಟೆ. ನನ್ನ ಅಕ್ಕ ಜಯಮ್ಮ ಈ ಗೊಂಬೆಗೆ ಬಂಡೆಯಮ್ಮ ಎಂದಳು. ರಾಮನಗರದ ಸುತ್ತ ಎತ್ತ ನೋಡಿದರೂ ಬಂಡೆಯೇ ಆದ್ದರಿಂದ ಹೆಸರು ಹುಡುಕಲು ಅವಳು ಕಷ್ಟಪಡಲಿಲ್ಲ. ಜಗಲಿಯ ಮೇಲೆ ಇಬ್ಬರಿಗೂ ಕಾಳಗ. ನಾನು ದಾರ ಸುತ್ತಿ ಎಸೆಯುತ್ತಿದ್ದೆ, ಮಿಂಚಣ್ಣ ಗಿರ್ರನೆ ಬಂದು ಬಂಡೆಯಮ್ಮನಿಗೆ ಬಡಿಯುತ್ತಿದ್ದ. ಅವಳು ನೆಲ ಮುಟ್ಟುವ ಹಾಗೆ ವಾಲಿ, ಏನೂ ಆಗದವಳಂತೆ ಎದ್ದು ನಿಲ್ಲುತ್ತಿದ್ದಳು. ಮಿಂಚಣ್ಣ ಸುಸ್ತಾಗಿ ಮಗ್ಗುಲಾಗುತ್ತಿದ್ದ.

"ಬಿದ್ದೋನ್ ಯಾರ್ಲಾ?" ಎನ್ನುತ್ತಿದ್ದಳು ಅಕ್ಕ.

"ಹೊಡ್ದೋನ್ ಯಾರು ಹೇಳು. ನಿನ್ ಬಂಡೆಯಮ್ಮ ಒಂದ್ ಏಟಾದ್ರೂ ಹೊಡುದ್ಲಾ?"

"ಅವ್ಳ್ಯಾಕ್ ಹೊಡೀಬೇಕು? ನಿಂತ್ಕಂಡ್ರೆ ಸಾಕು."

ವೇಗ ಹೆಚ್ಚೋ ಬಲ ಹೆಚ್ಚೋ ಎಂಬ ಈ ಜಗಳ ನಮ್ಮ ಮನೆಯಲ್ಲಿ ಎಂದೂ ತೀರ್ಮಾನವಾಗಲಿಲ್ಲ. ನಾನು ವೇಗದ ಪಕ್ಷ ಹಿಡಿದದ್ದಕ್ಕೆ ಕಾರಣ ಸುಲಭ. ಹೆದರುವವನಿಗೆ ಓಡುವುದೊಂದೇ ವಿದ್ಯೆ. ಅಕ್ಕನಿಗೆ ಓಡಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಹಾಯುವ ಹಸುವಿನ ಮೂಗುದಾರ ಹಿಡಿದು ನಿಲ್ಲಿಸುತ್ತಿದ್ದಳು, ನನ್ನನ್ನು ಬೆನ್ನಟ್ಟಿದ ನಾಯಿಗೆ ಅಡ್ಡ ಬರುತ್ತಿದ್ದಳು. ನನಗೆ ಬಂಡೆಯಮ್ಮ ಅಂದರೆ ಅವಳೇ. ಅವಳಿಗೂ ಭಯ ಎಂಬುದೊಂದು ಇರಬಹುದೆಂದು ನನಗೆ ಹೊಳೆದದ್ದೇ ಇಲ್ಲ.

ನಮ್ಮದು ರೇಷ್ಮೆ ಸಾಕುವ ಮನೆ. ಹುಳುಮನೆಯ ಶಿಸ್ತು ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತದೆ. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ, ಹೊಗೆ ಹಾಕುವಂತಿಲ್ಲ, ಘಾಟು ಬರುವಂತಿಲ್ಲ. ಹುಳು ಬೆಳೆಯುತ್ತಾ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಹಿಪ್ಪುನೇರಳೆ ಸೊಪ್ಪು ಮುಟ್ಟುವುದಿಲ್ಲ. ತಲೆಯನ್ನು ಮೇಲಕ್ಕೆತ್ತಿಕೊಂಡು ಒಂದು ಚೂರೂ ಅಲ್ಲಾಡದೆ ಇದ್ದಲ್ಲೇ ಇರುತ್ತದೆ. ಆಗ ಹುಳು ಸಾಕುವ ತಟ್ಟೆ ಅಲುಗಿಸಬಾರದು, ಒಳಗೆ ಓಡಾಡಬಾರದು. ಆದರೆ ನಾನು ಮಿಂಚಣ್ಣನ ಪಕ್ಷದವನು, ನಿಂತಲ್ಲಿ ನಿಲ್ಲುವ ಮಗುವಲ್ಲ. ಅದಕ್ಕೇ ನಮ್ಮವ್ವ ಒಂದು ಆಟ ಹೂಡಿದ್ದಳು. ಅವಳು ತಗ್ಗಿದ ದನಿಯಲ್ಲಿ "ಜ್ವರ" ಎಂದರೆ ನಾವಿಬ್ಬರೂ ಗಲ್ಲ ಮೇಲೆತ್ತಿ, ಹುಳುವಿನಂತೆ, ಇದ್ದಲ್ಲೇ ಮರಗಟ್ಟಬೇಕು. "ಎದ್ದವು" ಎನ್ನುವವರೆಗೆ ರೆಪ್ಪೆ ಕೂಡ ಹೊಡೆಯಬಾರದು. ಅಕ್ಕ ಯಾವಾಗಲೂ ಗೆಲ್ಲುತ್ತಿದ್ದಳು. ನನಗೆ ಸರಿಯಾಗಿ ಆಗಲೇ ಮೂಗು ಕೆರೆಯುತ್ತಿತ್ತು.

ಅವ್ವ ಹೋಗಿ ಬಹಳ ಕಾಲವಾಯಿತು. ಅಕ್ಕ ಪಕ್ಕದ ಹಳ್ಳಿಗೇ ಸೊಸೆಯಾಗಿ ಹೋದಳು. ಬಂಡೆಯಮ್ಮನನ್ನೂ ಕರೆದುಕೊಂಡು ಹೋಗಿ ತನ್ನ ಹುಳುಮನೆಯ ಕಿಟಕಿಯಲ್ಲಿಟ್ಟಳು. ಮಿಂಚಣ್ಣ ಎಲ್ಲೋ ಉರುಳಿಹೋದ. ನಾನು ಚನ್ನಪಟ್ಟಣಕ್ಕೆ ಬಂದು ಝೆರಾಕ್ಸ್ ಮಿಷನ್ನಿನ ಹಿಂದೆ ನಿಂತೆ. ಯಾವ ಕಾಡುಪ್ರಾಣಿಯೂ ಝೆರಾಕ್ಸಿಗೆ ಬರುವುದಿಲ್ಲ ಎಂಬ ಧೈರ್ಯ.

ಹೋದ ಬೇಸಿಗೆ ರಜೆಯಲ್ಲಿ ಭಾವ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಸುದ್ದಿ ಬಂದ ಹೊತ್ತಿಗೆ ಹುಳು ಮೂರನೇ ಜ್ವರ ಎದ್ದಿದ್ದವು. ಕಾಲಿನ ಸುದ್ದಿಗಿಂತ ನನ್ನನ್ನು ಹಿಡಿದದ್ದು ಅದರ ಬಾಲಕ್ಕಿದ್ದ ಸುದ್ದಿ. ಅಕ್ಕನ ತೋಟದ ಹಿಂದಿನ ಬಂಡೆಗುಡ್ಡಕ್ಕೆ ಚಿರತೆ ಬಂದು ಸೇರಿದೆ, ಅಂಗಳದಲ್ಲಿ ಕಟ್ಟಿದ್ದ ನಾಯಿಯನ್ನೇ ಹೊತ್ತೊಯ್ದಿದೆ, ಊರಾಚೆ ಬೋನು ಇಟ್ಟಿದ್ದಾರೆ, ಕೂಲಿಗೆ ಯಾರೂ ತೋಟಕ್ಕೆ ಇಳಿಯುತ್ತಿಲ್ಲ. "ನೀನು ಒಸಿ ದಿನ ಬಂದಿರು" ಎಂದು ಭಾವ ಫೋನಿನಲ್ಲಿ ಹೇಳಿದರು. ಅಕ್ಕ ಹೇಳಲಿಲ್ಲ. ಅವಳು ಯಾರನ್ನೂ ಏನನ್ನೂ ಕೇಳಿದವಳಲ್ಲ. ಹೆಂಡತಿಗೆ ಅಂಗಡಿ ಒಪ್ಪಿಸಿದೆ. ಮಗಳು ಸಿರಿ ನಾನೂ ಬರುತ್ತೇನೆ ಎಂದು ಹಟ ಹಿಡಿದಳು. ಚಿರತೆಯ ಸುದ್ದಿಯನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ, ಹೇಳಿದರೆ ನನ್ನನ್ನೇ ಬಿಡುತ್ತಿರಲಿಲ್ಲ. ಹಾಗಾಗಿ ಅವಳಿಗೆ ಬೇಡ ಎನ್ನಲು ಕಾರಣವೂ ಉಳಿಯಲಿಲ್ಲ.

ಸಿರಿ ನಾಲ್ಕನೇ ಕ್ಲಾಸು, ಶಾಲೆಯ ಓಟದಲ್ಲಿ ಎಲ್ಲರಿಗಿಂತ ಮುಂದೆ. ಅವಳ ತಲೆತುಂಬ ಸೂಪರ್ ಹೀರೋಗಳು. ಬಸ್ಸು ಕೆಂಗಲ್ ಆಂಜನೇಯನ ಗುಡಿ ದಾಟುವಾಗ ಒಳಗಿದ್ದವರೆಲ್ಲ ಎದೆಗೆ ಕೈ ಮುಟ್ಟಿಸಿಕೊಂಡರು. ನಾನು ಕೊಂಚ ಹೆಚ್ಚೇ ಮುಟ್ಟಿಸಿಕೊಂಡೆ.

"ಅಪ್ಪಾ, ಆಂಜನೇಯಂಗೆ ಸ್ಪೀಡ್ ಜಾಸ್ತಿನಾ, ಸ್ಟ್ರೆಂತ್ ಜಾಸ್ತಿನಾ?"

"ಎರಡೂ ಜಾಸ್ತಿ."

"ಹಂಗ್ ಹೇಳಂಗಿಲ್ಲ. ಒಂದೇ ಹೇಳ್ಬೇಕು."

ಮುಂದಿನ ಸೀಟಿನ ಹಿರಿಯರು ತಿರುಗಿ ನನ್ನನ್ನೇ ನೋಡಿದರು. ನಾನು ಕಿಟಕಿಯಾಚೆ ನೋಡಿದೆ. ಅಲ್ಲಿ ಬಂಡೆಗಳು ಶುರುವಾಗಿದ್ದವು.

ಅಕ್ಕನ ಮನೆ ಊರಿನಿಂದ ಆಚೆ, ತೋಟದ ಅಂಚಿಗೇ ಇದೆ. ಸಿರಿಗೆ ಅಲ್ಲಿ ತಕ್ಕ ಎದುರಾಳಿ ಸಿಕ್ಕಿದರು. ಭಾವನಿಗೆ ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂರುವುದನ್ನು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಮಾವ ಸೊಸೆ ಇಬ್ಬರೂ ಒಂದೇ ಮೊಬೈಲಿಗೆ ತಲೆ ತಾಗಿಸಿ ಹೊಡೆದಾಟ ನೋಡುತ್ತಿದ್ದರು.

"ಮಾವಾ, ಸ್ಪೀಡ್ ಇದ್ರೆ ಏಟೇ ಬೀಳಲ್ಲ. ಕಣ್ಣಿಗೇ ಕಾಣ್ದಿರೋನ್ನ ಹೆಂಗ್ ಹೊಡೀತೀರ?"

"ಓಡಿ ಓಡಿ ಎಲ್ಲಿಗ್ ಹೋಗ್ತಾನವ್ವಾ? ಸಾಯಂಕಾಲಕ್ಕೆ ಮನಿಗ್ ಬರಲೇಬೇಕಲ್ಲ. ಬಾಗ್ಲಲ್ಲಿ ಬಲ ಇರೋನ್ ಕೂತಿರ್ತಾನೆ. ಒಂದೇ ಗುದ್ದು."

"ನೀವು ಬಲ ಅಂತೀರಿ, ನೀವೇ ಸಗಣಿಗ್ ಜಾರಿ ಬಿದ್ರಿ."

"ಅದು ಬೇರೆ ವಿಸ್ಯ, ಬುಡವ್ವಾ."

ನಾನು ನಗುತ್ತಿದ್ದೆ, ಕಿವಿ ಮಾತ್ರ ಗುಡ್ಡದ ಕಡೆಗಿತ್ತು. ಅಕ್ಕ ಆ ಪ್ರಾಣಿಯ ಹೆಸರೆತ್ತುತ್ತಿರಲಿಲ್ಲ. "ಅದು" ಎನ್ನುತ್ತಿದ್ದಳು, ಅದೂ ದನಿ ತಗ್ಗಿಸಿ. ಅದು ಮೊನ್ನೆ ಪಂಪ್‌ಮನೆ ಹತ್ರ ಕೂತಿತ್ತಂತೆ. ಅದು ಬೋನಿನ ಹತ್ರ ಬಂದು ಮೂಸಿ ಹೋಯ್ತಂತೆ. ಹೆಸರಿಲ್ಲದ ಮೇಲೆ ಅದು ಎಲ್ಲಿ ಬೇಕಾದರೂ ಇರಬಹುದು. ಹುಲ್ಲಿನ ಮೆದೆಯ ಹಿಂದೆ ಇರಬಹುದು, ಬಚ್ಚಲಿನ ಹಂಡೆಯ ಮಗ್ಗುಲಲ್ಲಿ ಇರಬಹುದು. ಬಚ್ಚಲಿಗೆ ಹೋದರೆ ನಾನು ಹಾಡು ಹೇಳಿಕೊಳ್ಳುತ್ತಿದ್ದೆ. ನನ್ನ ಹಾಡು ಕೇಳಿ ಅದು ಓಡಿಹೋಗಿರಬೇಕು ಎಂದು ಭಾವ ಛೇಡಿಸುತ್ತಿದ್ದರು.

ನಾಲ್ಕನೇ ಜ್ವರ ಬಂತು. ಸಿರಿ ಹುಳುಮನೆಯೊಳಗೆ ಚಪ್ಪಲಿ ಸದ್ದು ಮಾಡುತ್ತಾ ನುಗ್ಗಿದಾಗ ಅಕ್ಕ ಅವಳನ್ನು ಗದರಲಿಲ್ಲ. ತಟ್ಟೆಯ ಹತ್ತಿರ ಕರೆದು, ತಲೆ ಎತ್ತಿಕೊಂಡು ಕೂತ ಸಾವಿರಾರು ಹುಳುಗಳನ್ನು ತೋರಿಸಿ, ಅವ್ವನ ಆ ಆಟವನ್ನು ಹೇಳಿಕೊಟ್ಟಳು. ಅತ್ತೆ ಸೊಸೆ ದಿನವಿಡೀ ಅದನ್ನೇ ಆಡಿದರು. ರೊಟ್ಟಿ ತಟ್ಟುತ್ತಾ ಅಕ್ಕ "ಜ್ವರ" ಎನ್ನುವಳು, ಸಿರಿ ಬಾಯಿಗೆ ಹೋಗುತ್ತಿದ್ದ ತುತ್ತನ್ನು ಹಾಗೇ ಹಿಡಿದು ಗಲ್ಲ ಎತ್ತಿ ನಿಲ್ಲುವಳು. ಓಡುವ ಹುಡುಗಿ ನಿಲ್ಲುವುದರಲ್ಲೂ ನನಗಿಂತ ಜೋರಾಗಿದ್ದಳು.

ಆಮೇಲೆ ಹುಳು ಎದ್ದವು. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವು ಎಂಥದೆಂದರೆ ಹೊರೆಗಟ್ಟಲೆ ಸೊಪ್ಪು ಹಾಕಿ ತಿರುಗಿ ನೋಡುವಷ್ಟರಲ್ಲಿ ಬರೀ ಕಡ್ಡಿ ಉಳಿದಿರುತ್ತದೆ. ಗೂಡು ಕಟ್ಟುವವರೆಗೆ ಒಂದು ಹೊತ್ತು ತಪ್ಪಿದರೂ ಬೆಳೆ ಕೈಬಿಟ್ಟ ಹಾಗೆ. ಬಿಸಿಲೇರಿದರೆ ಸೊಪ್ಪು ಬಾಡುತ್ತದೆ, ಆದ್ದರಿಂದ ಬೆಳಗಿನ ತಂಪಿನಲ್ಲೇ ಕೊಯ್ಯಬೇಕು. ಗುಡ್ಡದಲ್ಲಿ ಅದು ಇದೆ ಎಂದರೆ ಹುಳು ಕೇಳುವುದಿಲ್ಲ.

ಅಕ್ಕ ಕುಡುಗೋಲು ಹಿಡಿದು ತೋಟಕ್ಕೆ ಇಳಿಯುತ್ತಿದ್ದಳು. ಆಳೆತ್ತರ ಬೆಳೆದ ಹಿಪ್ಪುನೇರಳೆಯೊಳಗೆ ಹೋದರೆ ಅವಳ ತಲೆಯ ಬಟ್ಟೆ ಮಾತ್ರ ಕಾಣುತ್ತಿತ್ತು. ನನ್ನ ಕೆಲಸ ಬದುವಿನ ಮೇಲೆ ನಿಂತು ಹಳೇ ಸ್ಟೀಲ್ ತಟ್ಟೆಯನ್ನು ಸೌಟಿನಿಂದ ಬಡಿಯುವುದು. ಸಿರಿಯನ್ನು ಎಲ್ಲಿ ಬಿಡುವುದೆಂಬುದು ನನ್ನ ದೊಡ್ಡ ಸಂಕಟ. ಮನೆಯಲ್ಲಿ ಬಿಟ್ಟರೆ, ಎದ್ದು ನಿಲ್ಲಲಾರದ ಭಾವನ ಕಾವಲು, ನಾಯಿ ಹೋದ ಅದೇ ಅಂಗಳ. ಕರೆದುಕೊಂಡು ಹೋದರೆ ತೋಟ. ಪುಕ್ಕಲನಾದವನು ಎರಡು ಭಯ ಎದುರಾದಾಗ ತನ್ನ ಕೈಗೆ ಸಿಗುವಷ್ಟು ಹತ್ತಿರ ಇರುವುದನ್ನೇ ಆರಿಸಿಕೊಳ್ಳುತ್ತಾನೆ. ಒಂದು ಕೈಯಲ್ಲಿ ತಟ್ಟೆ ಸೌಟು ಎರಡೂ ಹಿಡಿಯಲಾಗದೆ, ತಟ್ಟೆಯನ್ನು ಅವಳ ಕೈಗೆ ಕೊಟ್ಟು, ಅವಳ ಇನ್ನೊಂದು ಕೈಯನ್ನು ಭದ್ರವಾಗಿ ಹಿಡಿದು, ನಾನು ಸೌಟಿನಿಂದ ಬಡಿಯುತ್ತಿದ್ದೆ. ಭಾವ ಇದನ್ನು ನಮ್ಮ ಮನೆಯ ಬ್ಯಾಂಡ್‌ಸೆಟ್ಟು ಎನ್ನುತ್ತಿದ್ದರು.

ಆ ದಿನ ಗುಡ್ಡದ ಮೇಲೆ ಬಿಸಿಲು ಆಗಷ್ಟೇ ಬಿದ್ದಿತ್ತು. ಜೇಬಿನಲ್ಲಿ ಫೋನು ರಿಂಗಾಯಿತು, ಹೆಂಡತಿಯದು. ಸೌಟನ್ನು ಕಂಕುಳಲ್ಲಿ ಸಿಕ್ಕಿಸಿ ಫೋನು ಎತ್ತಿದೆ. ಬಡಿತ ನಿಂತಿತು. ಬಡಿತ ನಿಂತ ಮೇಲೆಯೇ ಗೊತ್ತಾದದ್ದು, ಹಕ್ಕಿಗಳೂ ಸುಮ್ಮನಿದ್ದವು.

ತೋಟದ ತುದಿಯ ಗಿಡಗಳು ಅಲ್ಲಾಡಿದವು. ಅಕ್ಕ ಇದ್ದದ್ದು ಅಲ್ಲಲ್ಲ. ಅವಳು ಹೊರೆಯನ್ನು ತಲೆಯ ಮೇಲೆ ಹೊತ್ತು ನಮ್ಮ ಎಡಕ್ಕೆ ಸಾಲಿನ ಬಾಯಲ್ಲಿ ನಿಂತಿದ್ದಳು. ಅಲ್ಲಾಡಿದ ಗಿಡಗಳ ನಡುವಿನಿಂದ ಅದು ಬದುವಿನ ಮೇಲೆ ಬಂತು.

ಟೀವಿಯಲ್ಲಿ ನೋಡಿದ್ದಕ್ಕಿಂತ ತಗ್ಗು, ಉದ್ದ. ಹೆಗಲ ಮೇಲೆ ಒಂದು ಹಿಪ್ಪುನೇರಳೆ ಎಲೆ ಅಂಟಿಕೊಂಡಿತ್ತು. ಅದು ನಮ್ಮನ್ನು ನೋಡಿ ಗಕ್ಕನೆ ನಿಂತಿತು. ನಮಗೂ ಅದಕ್ಕೂ ನಡುವೆ ಬರೀ ಬದು. ಅಷ್ಟರಲ್ಲಿ ಸಿರಿಯ ಕೈ ನನ್ನ ಬೆವರಿದ ಅಂಗೈಯಿಂದ ನುಣುಚಿಕೊಂಡಿತು. ಅವಳ ಹಿಮ್ಮಡಿ ನೆಲದಿಂದ ಎದ್ದಿತು. ಶಾಲೆಯ ಮೈದಾನದಲ್ಲಿ ಸೀಟಿ ಊದುವ ಮೊದಲು ಅವಳು ಹೀಗೇ ಹಿಮ್ಮಡಿ ಎತ್ತುತ್ತಾಳೆ. ಓಡುವುದನ್ನೇ ಅದು ಹಿಡಿಯುವುದು ಎಂದು ಊರಿನವರೆಲ್ಲ ಹೇಳಿದ್ದರು. ನನ್ನ ಮಗಳು ಶಾಲೆಗೇ ಮೊದಲಿಗಳು. ಅದರ ಮುಂದೆ ಆ ವೇಗ ಎಷ್ಟರದು? ಅವಳನ್ನು ಬಾಚಿ ಹಿಡಿಯಲು ನನ್ನ ಕೈ ಏಳಲಿಲ್ಲ.

"ಜ್ವರ."

ಅಕ್ಕನ ದನಿ. ಕೂಗಲಿಲ್ಲ, ಹುಳುಮನೆಯಲ್ಲಿ ಹೇಳುವ ಹಾಗೆಯೇ ಹೇಳಿದಳು. ಸಿರಿಯ ಹಿಮ್ಮಡಿ ನೆಲಕ್ಕಿಳಿಯಿತು. ಗಲ್ಲ ಮೇಲಕ್ಕೆ ಹೋಯಿತು. ಅವಳು ಮರಗಟ್ಟಿ ನಿಂತಳು. ನನ್ನ ಗಲ್ಲವೂ ತಾನಾಗಿ ಮೇಲೆದ್ದಿತು. ಹೊರೆ ಹೊತ್ತ ಅಕ್ಕ, ತಟ್ಟೆ ಹಿಡಿದ ಮಗಳು, ಫೋನು ಹಿಡಿದ ನಾನು, ಮೂವರೂ ಜ್ವರಕ್ಕೆ ಕೂತೆವು.

ಫೋನಿನೊಳಗಿಂದ ಹೆಂಡತಿ, "ಹಲೋ? ರೀ? ಕೇಳಿಸ್ತಾ ಐತಾ?" ಎನ್ನುತ್ತಿದ್ದಳು. ಅದರ ಕಿವಿ ಆ ದನಿಯ ಕಡೆಗೆ ತಿರುಗಿತು. ನನಗೆ ಮೂಗು ಕೆರೆಯುತ್ತಿತ್ತು. ಎಷ್ಟು ಹೊತ್ತು ಎಂದು ಕೇಳಬೇಡಿ, ಆ ಹೊತ್ತು ಇನ್ನೂ ಪೂರ್ತಿ ಮುಗಿದಿಲ್ಲ. ಕೊನೆಗೆ ಅದು ಬಾಲವನ್ನು ಒಮ್ಮೆ ನೆಲಕ್ಕೆ ಬಡಿದು, ತನಗೆ ಇಲ್ಲಿ ಕೆಲಸವಿಲ್ಲ ಎನ್ನುವಂತೆ ಬದುವಿನಿಂದ ಆಚೆ ಇಳಿದು ಬಂಡೆಗಳ ಕಡೆ ನಡೆದುಹೋಯಿತು. ಓಡಲೂ ಇಲ್ಲ.

ಅಕ್ಕ ಬಹಳ ಹೊತ್ತಿನ ಮೇಲೆ "ಎದ್ದವು" ಎಂದಳು. ಸಿರಿ ಅತ್ತೆಯ ಸೊಂಟಕ್ಕೆ ಹೋಗಿ ಬಿದ್ದು ಅಳತೊಡಗಿದಳು. ಅಕ್ಕ ಹೊರೆ ಇಳಿಸಲಿಲ್ಲ. ಒಂದು ಕೈಯಲ್ಲಿ ಮಗುವನ್ನು ಅವಚಿಕೊಂಡು ಮನೆಗೆ ನಡೆದಳು, ಹುಳುಮನೆಗೆ ಹೋಗಿ ಸೊಪ್ಪು ಹಾಕಿದಳು.

ಭಾವ ಕಥೆ ಕೇಳಿ, ಎದ್ದು ನಿಲ್ಲಲು ಹೋಗಿ ಮತ್ತೆ ಕೂತರು. ಆಮೇಲೆ ಸಿರಿಯನ್ನು ನಗಿಸಲೆಂದು, "ನಿಮ್ಮಪ್ಪ ಗಂಡ್ಸು ಕಣವ್ವಾ. ಎದುರ್ಗೇ ಬಂದ್ರೂ ಒಸೀನೂ ಅಲ್ಲಾಡ್ಲಿಲ್ಲ!" ಎಂದರು. ನಾನು ತಿದ್ದಲಿಲ್ಲ.

"ಮಾವಾ, ಅದಕ್ಕೆ ಸ್ಪೀಡೂ ಐತೆ, ಸ್ಟ್ರೆಂತೂ ಐತೆ. ನಮ್ಗೆ ಎರಡೂ ಇರ್ಲಿಲ್ಲ. ಮತ್ತೆ ಅದ್ಯಾಕ್ ಹೋಯ್ತು?"

ವಾದದಲ್ಲಿ ಎಂದೂ ಸೋಲದ ಭಾವ ಅವಳ ತಲೆ ಸವರಿ ಮೊಬೈಲನ್ನು ಅವಳ ಕೈಗೇ ಕೊಟ್ಟರು.

ಫೋನಿನಲ್ಲಿ ಹೆಂಡತಿಗೆ ಎಲ್ಲ ಹೇಳಲೇಬೇಕಾಯಿತು. ಅವಳು ಬೈದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ, ಎಲ್ಲವೂ ನ್ಯಾಯವಾಗಿದ್ದವು. ಮಧ್ಯಾಹ್ನದ ಬಸ್ಸಿಗೆ ತಾನೇ ಬರುತ್ತೇನೆ, ಇಬ್ಬರೂ ಬ್ಯಾಗು ಹಿಡಿದು ಸಿದ್ಧವಾಗಿರಿ ಎಂದಳು. ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಕೇಳಿದ ಕೂಡಲೇ ಬಟ್ಟೆ ತುಂಬಿದೆ. ಟವೆಲ್ಲು ಹಗ್ಗದ ಮೇಲೆ ಒದ್ದೆಯಿತ್ತು, ಒದ್ದೆಯಾಗಿಯೇ ತುರುಕಿದೆ.

ಹೇಳಿ ಹೋಗೋಣವೆಂದು ಕಾಲು ತೊಳೆದು ಹುಳುಮನೆಗೆ ಹೋದೆ. ಒಳಗೆಲ್ಲ ಹುಳು ಸೊಪ್ಪು ಕಡಿಯುವ ಚರಚರ ಸದ್ದು. ಅಕ್ಕ ತಟ್ಟೆಗಳ ನಡುವೆ ನೆಲದ ಮೇಲೆ ಕೂತಿದ್ದಳು. ಅಕ್ಕ ಹಗಲು ಹೊತ್ತು ಕೂತದ್ದನ್ನು ನಾನು ಕಂಡಿದ್ದೇ ಕಡಿಮೆ. ಕೈಯನ್ನು ಮಂಡಿಯ ಮೇಲೆ ಒತ್ತಿ ಹಿಡಿದಿದ್ದಳು.

"ಹೊಂಟ್ಯಾ?" ಎಂದಳು.

"ಹೂಂ. ಅವ್ಳು ಬತ್ತಾವ್ಳೆ."

"ಮಗೀನ ಕಳ್ಸು. ಅದುನ್ನ ಇಲ್ಲಿ ಇಟ್ಕಬ್ಯಾಡ." ತನ್ನ ಮಂಡಿಯ ಕಡೆ ನೋಡಿಕೊಂಡಳು. "ನೋಡ್ಲಾ ಪುಟ್ಟ, ಕಾಲು ಇನ್ನೂ ನಿಂತಿಲ್ಲ."

ನೋಡಿದೆ. ಸೀರೆಯ ಅಂಚು ಅದುರುತ್ತಿತ್ತು. ಅವಳ ಮಂಡಿಗಳು ನಡುಗುತ್ತಿದ್ದವು, ಕೈಯಿಂದ ಒತ್ತಿದರೂ ನಿಲ್ಲುತ್ತಿರಲಿಲ್ಲ. ಚಿರತೆಯನ್ನು ಕಂಡಾಗಲೂ ನನಗೆ ಹಾಗೆ ಆಗಿರಲಿಲ್ಲ. ನನ್ನ ಬಾಲ್ಯದ ಗೋಡೆಯೊಂದು ಕಣ್ಣೆದುರೇ ಅಲುಗಿದಂತಾಯಿತು.

"ನಿಂಗೂ ಭಯ ಆಗ್ತದಾಕ್ಕ?"

"ದಿನಾ ಆಗ್ತದೆ ಕಣ್ಲಾ. ನಾಯಿ ಹೋದಾಗಿಂದ ದಿನಾ. ಒಬ್ಳೇ ತೋಟಕ್ ಇಳೀವಾಗ ಹೆಜ್ಜೆಗೊಂದ್ ಸಲ ಹಿಂದಕ್ ತಿರುಗ್ ನೋಡ್ತೀನಿ. ನಿಂ ಭಾವನ್ ತಾವ ಹೇಳಿದ್ರೆ ಆ ಕಾಲಲ್ಲೇ ಎದ್ ಬತ್ತೀನಿ ಅಂತದೆ." ಕಿಟಕಿಯ ಕಡೆ ನೋಡಿದಳು. ಅಲ್ಲಿ ಬಂಡೆಯಮ್ಮ ತನ್ನ ಸೊಟ್ಟಗಣ್ಣಿನಿಂದ ನಮ್ಮಿಬ್ಬರನ್ನೂ ನೋಡುತ್ತಿದ್ದಳು. "ನಾಳೀಕೂ ಸೊಪ್ಪು ಬೇಕು. ನೀನು... ನಾಳೆ ಒಂದಿನ ಇರ್ತೀಯಾ?"

ಅಕ್ಕ ನನ್ನ ಹತ್ತಿರ ಏನನ್ನಾದರೂ ಕೇಳಿಕೊಂಡದ್ದು ಅದೇ ಮೊದಲು.

ಮಧ್ಯಾಹ್ನದ ಬಸ್ಸಿಗೆ ಹೆಂಡತಿ ಬಂದು ಸಿರಿಯನ್ನು ಕರೆದುಕೊಂಡು ಹೋದಳು. ಹೊರಡುವ ಮೊದಲು ಅಕ್ಕ ಬಂಡೆಯಮ್ಮನನ್ನು ಕಿಟಕಿಯಿಂದ ತೆಗೆದು, ಸೆರಗಿನಲ್ಲಿ ಒರೆಸಿ, ಸಿರಿಯ ಕೈಗೆ ಕೊಟ್ಟಳು. ನಾನು ಬ್ಯಾಗಿನಿಂದ ನನ್ನ ಒದ್ದೆ ಟವೆಲ್ಲನ್ನು ತೆಗೆದು ಮತ್ತೆ ಹಗ್ಗಕ್ಕೆ ಹಾಕಿದಾಗ ಹೆಂಡತಿ ನನ್ನನ್ನು ಒಂದು ಥರ ನೋಡಿದಳು.

ಮರುದಿನ ಬೆಳಗ್ಗೆ ಅಕ್ಕ ಕುಡುಗೋಲು ಹಿಡಿದು ಮುಂದೆ ಹೊರಟಳು, ನಾನು ತಟ್ಟೆ ಸೌಟು ಹಿಡಿದು ಹಿಂದೆ. ತೋಟದ ಬಾಯಲ್ಲಿ ಅವಳು ನಿಂತಳು. ನಾನು ಬಂದು ಪಕ್ಕಕ್ಕೆ ನಿಲ್ಲುವವರೆಗೆ ಕಾದಳು. ತಟ್ಟೆ ಬಡಿದೆ. ಸದ್ದು ಬೇಕಾದದ್ದಕ್ಕಿಂತ ಹೆಚ್ಚೇ ಬಂತು. ಎದುರಿನ ಸಾಲಿನಲ್ಲಿ ಎಲೆಗಳು ಅಲ್ಲಾಡಿದವು.

"ಗಾಳಿ," ಎಂದಳು ಅಕ್ಕ.

"ಗಾಳಿ," ಎಂದೆ ನಾನು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳದೆ ಒಳಗೆ ಇಳಿದೆವು.